ನಾಲ್ಕು ಹೆಸರಿನ ನಾಯಿ

ನಾಯಿ ಸಾಕಿದವರನ್ನು ‘ನಿಮ್ಮ ನಾಯಿಯ ಸ್ವಭಾವ ಹೇಗೆ?’ ಎಂದು ಕೇಳಿ ನೋಡಿ. ‘ಒಳ್ಳೆಯದು’ ಎಂದಷ್ಟೇ ಹೇಳಿ ಯಾರೂ ಸುಮ್ಮನಾಗುವುದಿಲ್ಲ. ಮಿಕ್ಸಿ ಸದ್ದಿಗೆ ಮಂಚದಡಿ ಸೇರುತ್ತದೆ, ಅಜ್ಜಿ ಕಲಸಿದರೆ ಮಾತ್ರ ಮೊಸರನ್ನ ತಿನ್ನುತ್ತದೆ, ಕೊರಿಯರ್ ಹುಡುಗನನ್ನು ಬಿಡುತ್ತದೆ ಆದರೆ ಅವನ ಹೆಲ್ಮೆಟ್ಟನ್ನು ಸಹಿಸುವುದಿಲ್ಲ, ಹೀಗೆ ಒಂದು ಪಟ್ಟಿಯೇ ಬರುತ್ತದೆ. ಮನೆಯ ನಾಯಿಗೆ ಒಂದು ಹೆಸರು, ಒಂದು ಬಾಗಿಲು, ಅದರ ಬಗ್ಗೆ ಮನೆಯವರೆಲ್ಲ ಒಪ್ಪಿಕೊಂಡ ಒಂದಷ್ಟು ಕತೆ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ, ಈರುಳ್ಳಿ ಬಟಾಟೆಯ ಸಾಲಿನಲ್ಲಿರುವ ಒಂದು ಕಪ್ಪು ನಾಯಿಯ ವಿಷಯ ಹಾಗಿಲ್ಲ. ಅದಕ್ಕೆ ನಾಲ್ಕು ಹೆಸರು. ನಾಲ್ಕು ಹೆಸರಿನವರೂ ಹೇಳುವ ಸ್ವಭಾವ ನಾಲ್ಕು ಥರ. ಎಲ್ಲರೂ ತಾವು ಹೇಳುವುದೇ ನಿಜ ಎನ್ನುತ್ತಾರೆ.

ಮಾರ್ಕೆಟ್ ಯಾರ್ಡ್ ಎಂದರೆ ಗುಲ್ಟೇಕಡಿಯಲ್ಲಿರುವ ಸಗಟು ಮಾರುಕಟ್ಟೆ. ಛತ್ರಪತಿ ಶಿವಾಜಿಯ ಹೆಸರು ಹೊತ್ತ ಈ ಯಾರ್ಡಿನೊಳಗೆ ಹಣ್ಣಿಗೊಂದು, ತರಕಾರಿಗೊಂದು, ಹೂವಿಗೊಂದು, ಧಾನ್ಯಕ್ಕೊಂದು ಎಂದು ವಿಭಾಗಗಳಿವೆ. ದಲಾಲಿ ಅಂಗಡಿಗೆ ಇಲ್ಲಿಯ ಮಾತಿನಲ್ಲಿ ಗಾಳಾ. ನಡುರಾತ್ರಿ ದಾಟುತ್ತಿದ್ದಂತೆ ಲಾರಿಗಳು ಹಿಮ್ಮುಖವಾಗಿ ಬಂದು ನಿಲ್ಲತೊಡಗುತ್ತವೆ. ಅವುಗಳಲ್ಲಿ ಕರ್ನಾಟಕದ ನಂಬರ್ ಪ್ಲೇಟುಗಳಿಗೆ ಬರವಿಲ್ಲ. ಎಲೆಕೋಸು, ತೋತಾಪುರಿ ಕಾಯಿ, ಬೇಸಿಗೆ ಬಂದರೆ ‘ಕರ್ನಾಟಕ ಹಾಪೂಸ್’ ಎಂದು ಕರೆಸಿಕೊಳ್ಳುವ ಮಾವು ಆ ದಾರಿಯಲ್ಲಿ ಬರುತ್ತವೆ. ಚೀಲ ಇಳಿಸುವವರಲ್ಲಿ, ಸೋಸುವವರಲ್ಲಿ, ಗುಡಿಸುವವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ.

ಆ ನಾಯಿಗೆ ಕರಿಯಾ ಎಂದು ಹೆಸರಿಟ್ಟವನು ಇಂಡಿ ತಾಲ್ಲೂಕಿನ ಒಬ್ಬ ಹಮಾಲ. ಪುಣೆಗೆ ಬಂದು ಇಪ್ಪತ್ತೈದು ವರ್ಷ ದಾಟಿದೆ, ಬೆನ್ನು ಈಗ ಮೊದಲಿನಂತೆ ಇಲ್ಲ. ಅವನ ಪ್ರಕಾರ ಕರಿಯಾ ಮಾನಗೇಡಿ ನಾಯಿ. ಎಷ್ಟು ಬೈದರೂ ಎದ್ದು ಹೋಗುವುದಿಲ್ಲ. ಮಲಗುವುದಕ್ಕೆ ಗೋಣಿ ಚೀಲವೇ ಬೇಕು. ಪ್ಲಾಸ್ಟಿಕ್ ಜಾಳಿಗೆ ಚೀಲ ಹಾಸಿದರೆ ಅದರ ಮೇಲೆ ಕಾಲೂ ಇಡುವುದಿಲ್ಲ. ಜೋಳದ ರೊಟ್ಟಿ ಕೊಟ್ಟರೆ ಕೊಟ್ಟವನ ಎದುರು ತಿನ್ನುವುದಿಲ್ಲ, ಬಾಯಲ್ಲಿ ಕಚ್ಚಿಕೊಂಡು ಚೀಲದ ಥಪ್ಪಿಯ ಹಿಂದೆ ಹೋಗಿ ತಿಂದು ಬರುತ್ತದೆ. “ಹೆಣ್ಮಕ್ಕಳ ಮುಂದ ಹೊಸಾ ಅಳಿಯಾ ಉಂಡಂಗ ಮಾಡ್ತೈತಿ” ಎಂದು ಅವನು ನಗುತ್ತಾನೆ. ಅವನು ಮೆಚ್ಚುವುದು ಒಂದೇ ಗುಣವನ್ನು. ಟನ್ನುಗಟ್ಟಲೆ ಉಳ್ಳಾಗಡ್ಡಿಯ ನಡುವೆ ಬದುಕಿಯೂ ಕರಿಯಾ ಒಂದು ಗಡ್ಡೆಗೂ ಬಾಯಿ ಹಾಕಿದ್ದಿಲ್ಲ. ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಹೆಚ್ಚು ತಿಂದರೆ ಪ್ರಾಣಕ್ಕೇ ಕುತ್ತು. ಹಮಾಲನಿಗೆ ಈ ವಿಜ್ಞಾನ ಗೊತ್ತಿಲ್ಲ. “ಇಲ್ಲೇ ಹುಟ್ಟಿದ್ದಲ್ರೀ, ವಾಸನೀಗೇ ಬ್ಯಾಸರಾಗಿರಬೇಕು” ಎನ್ನುತ್ತಾನೆ.

ಅದೇ ಗಾಳಾದ ಲೆಕ್ಕ ಬರೆಯುವ ದಿವಾಣಜಿಗೆ ಆ ನಾಯಿ ವಾಘ್ಯಾ. ಸಾತಾರಾ ಕಡೆಯ ಈ ಮುದುಕರ ಕಣ್ಣಿಗೆ ಅದು ಸೋಮಾರಿಯೂ ಅಲ್ಲ, ಮಾನಗೇಡಿಯೂ ಅಲ್ಲ. ಇಡೀ ಸಾಲಿನ ಕಾವಲುಗಾರ. ತುಂಬಿದ ಚೀಲ ಹೊತ್ತು ಯಾರು ಹೋದರೂ ವಾಘ್ಯಾ ತಲೆ ಎತ್ತುವುದಿಲ್ಲ. ಖಾಲಿ ಚೀಲ ಹಿಡಿದು ರಾತ್ರಿ ಹೊತ್ತು ಬಂದವನನ್ನು ಮಾತ್ರ ಬಿಡುವುದಿಲ್ಲ. ಕಳ್ಳ ಬರುವುದು ಖಾಲಿ ಚೀಲದೊಂದಿಗೆ, ಇದು ನಾಯಿಗೆ ತಿಳಿದಿದೆ ಎಂಬುದು ದಿವಾಣಜಿಯ ವಾದ. ಶನಿವಾರ ತರಕಾರಿ ವಿಭಾಗಕ್ಕೆ ರಜೆ. ಆ ದಿನ ಬೆಳಿಗ್ಗೆಯೇ ವಾಘ್ಯಾ ಎದ್ದು ಧಾನ್ಯದ ಅಂಗಡಿಗಳಿರುವ ಭುಸಾರ ವಿಭಾಗಕ್ಕೆ ನಡೆಯುತ್ತದೆ, ಭಾನುವಾರದ ಲಾರಿಗಳು ಬರುವ ಹೊತ್ತಿಗೆ ಸರಿಯಾಗಿ ವಾಪಸು. ವಾರ ಎಣಿಸಲು ಬರುವ ನಾಯಿ ಎಂದು ಅವರು ಬಂದವರಿಗೆಲ್ಲ ತೋರಿಸುತ್ತಾರೆ.

ಚಹಾದವನಿಗೆ ಅದು ರಾಜಾ. ಅವನ ರಾಜಾನಿಗೆ ಮರ್ಯಾದೆ ಹೆಚ್ಚು. ಪಾರ್ಲೆ-ಜಿ ಬಿಸ್ಕತ್ತು ಹಾಕಿದರೆ ಮೊದಲನೆಯದನ್ನು ಮೂಸಿ ಬಿಟ್ಟುಬಿಡುತ್ತದೆ, ಎರಡನೆಯದನ್ನು ತಿಂದು, ಆಮೇಲೆ ಮೊದಲನೆಯದಕ್ಕೆ ಬರುತ್ತದೆ. ಏಕೆಂದು ಯಾರಿಗೂ ತಿಳಿಯದು. ಗಂಗಾಧಾಮ್ ಕಡೆಯ ಒಂದು ಅಪಾರ್ಟ್‌ಮೆಂಟಿನಿಂದ ಸಂಜೆ ತಾಯಿಯ ಜೊತೆ ಬರುವ ಏಳನೇ ಕ್ಲಾಸಿನ ಹುಡುಗಿಗೆ ಅದು ಓರಿಯೊ. ಮೈಯೆಲ್ಲ ಕಪ್ಪು, ಎದೆಯ ಮೇಲೆ ಬಿಳಿ ಮಚ್ಚೆ, ಹಾಗಾಗಿ ಆ ಬಿಸ್ಕತ್ತಿನ ಹೆಸರು. ಅವಳು ಹೇಳುವ ಓರಿಯೊ ಅಂಜುಬುರುಕ. ಕೊಡೆ ಬಿಚ್ಚಿದರೆ ಓಡುತ್ತದೆ, ಶಟರ್ ಎಳೆದ ಸದ್ದಿಗೆ ನಡುಗುತ್ತದೆ, ಭಯವಾದಾಗ ಮುಖವನ್ನು ಗೋಡೆಗೆ ಒತ್ತಿ ನಿಲ್ಲುತ್ತದೆ. ಹಮಾಲ ಇದನ್ನು ಕೇಳಿ ತಲೆ ಅಲ್ಲಾಡಿಸಿದ್ದ. “ಏ ತಂಗೀ, ಇಡೀ ರಾತ್ರಿ ಲಾರಿ ನಡುವ ಅಡ್ಡಾಡೋ ನಾಯಿ ಅದು. ಕೊಡಿಗೆ ಅಂಜತೈತೇನ?”

ನಾಯಿಗೆ ಇಟ್ಟ ಹೆಸರಿನಲ್ಲಿ ನಾಯಿಯಿಂದ ಏನನ್ನು ಬಯಸುತ್ತಾರೆ ಎಂಬುದೂ ಸೇರಿರುತ್ತದೆ. ವಾಘ್ಯಾ ಎಂದರೆ ಹುಲಿಯಂಥವನು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ನಾಯಿಗುತ್ತಿಯ ನಾಯಿಯ ಹೆಸರು ನೆನಪಿರುತ್ತದೆ: ಹುಲಿಯ. ಸಹ್ಯಾದ್ರಿಯ ಎರಡು ಕಡೆ, ಎರಡು ಭಾಷೆಯಲ್ಲಿ, ಕಾಡಿನಂಚಿನ ಜನ ನಾಯಿಗೆ ಇಟ್ಟದ್ದು ಅದು ಎದುರಿಸಬೇಕಾದ ಪ್ರಾಣಿಯ ಹೆಸರನ್ನೇ. ಮರಾಠಿಯಲ್ಲಿ ಈ ಹೆಸರಿಗೆ ಇನ್ನೊಂದು ನೆಲೆಯೂ ಇದೆ. ಪುಣೆಯಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಜೇಜುರಿಯಲ್ಲಿ ಖಂಡೋಬನಿಗೆ ಹರಕೆ ಹೊತ್ತು ಬಾಳುವ ಭಕ್ತರಿಗೂ ವಾಘ್ಯಾ ಎಂದೇ ಹೆಸರು. ಅವರು ತಮ್ಮನ್ನು ದೇವರ ನಾಯಿ ಎಂದುಕೊಳ್ಳುವವರು. ಆ ದೇವರೇ ಕನ್ನಡದಲ್ಲಿ ಮೈಲಾರಲಿಂಗ, ಆ ಭಕ್ತನೇ ವಗ್ಗಯ್ಯ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ರಾಣೆಬೆನ್ನೂರು ಕಡೆಯ ದೇವರಗುಡ್ಡದಲ್ಲಿ, ಕರಿ ಕಂಬಳಿ ಹೊದ್ದ ಗೊರವರು ನಾಯಿಯಂತೆ ಬೊಗಳುತ್ತಾರೆ, ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಪ್ರಸಾದ ತಿನ್ನುತ್ತಾರೆ. ಜೇಜುರಿಯಲ್ಲಿ ಭಂಡಾರ ತೂರುತ್ತ ಕೂಗುವ ‘ಯೇಳಕೋಟ’ದೊಳಗೆ ನಮ್ಮ ‘ಏಳು ಕೋಟಿ’ ಇದೆ ಎಂದು ಇಂಡಿಯ ಹಮಾಲನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿದ್ದೂ ಅವನು ತನ್ನ ನಾಯಿಯನ್ನು ವಾಘ್ಯಾ ಎಂದು ಕರೆಯಲು ಒಪ್ಪುವುದಿಲ್ಲ. “ಅದು ದೇವ್ರ ಹೆಸ್ರು. ಇದಕ್ಕ ಬೈಯೂದು ಇರ್ತೈತಿ, ಒದಿಯೂದು ಇರ್ತೈತಿ. ಕರಿಯಾ ಸಾಕು.”

ದಿವಾಣಜಿಯ ಊರಿನ ಹತ್ತಿರ, ಕೃಷ್ಣಾ ಮತ್ತು ವೆಣ್ಣಾ ಕೂಡುವ ಸಂಗಮ ಮಾಹುಲಿಯಲ್ಲಿ, ಒಂದು ನಾಯಿಯ ಸಮಾಧಿ ಇದೆ. ಶಿವಾಜಿಯ ಮೊಮ್ಮಗ ಛತ್ರಪತಿ ಶಾಹು ಸಾಕಿದ್ದ ಖಂಡ್ಯಾ. ಬೇಟೆಗೆ ಹೋದಾಗ ಹುಲಿಯ ಬಾಯಿಂದ ರಾಜನನ್ನು ಉಳಿಸಿತೆಂದು ಜನ ಹೇಳುತ್ತಾರೆ. ರಾಜನ ನಾಯಿಗೆ ಒಡೆಯ ಒಬ್ಬ, ಹೆಸರು ಒಂದು, ಸತ್ತ ಮೇಲೂ ಒಂದು ಜಾಗ. ಯಾರ್ಡಿನ ನಾಯಿಗೆ ಇವು ಯಾವುವೂ ಇಲ್ಲ. ಅದರ ಹತ್ತಿರ ಇರುವುದು ನಾಲ್ಕು ಜನ ಹೇಳುವ ನಾಲ್ಕು ಮಾತು.

ಒಮ್ಮೆ ಆ ಗಾಳಾದ ಮಾಲೀಕರು ಕಾವಲಿಗೆಂದು ಒಂದು ಮುಧೋಳ ಮರಿ ತಂದರು. ಮಹಾರಾಷ್ಟ್ರದಲ್ಲಿ ಆ ತಳಿಯನ್ನು ಕಾರವಾನ್ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಈ ತಳಿಗಾಗಿಯೇ ಒಂದು ಕೇಂದ್ರ ನಡೆಸುತ್ತಾರೆ. ಬಯಲಿನಲ್ಲಿ ಮೊಲ ಕಂಡರೆ ಬಾಣದ ಹಾಗೆ ಹೋಗುವ ನಾಯಿ. ಯಾರ್ಡಿನಲ್ಲಿ ಅದು ಮೂರು ವಾರ ಗಲ್ಲಾಪೆಟ್ಟಿಗೆಯ ಕೆಳಗೆ ಮಲಗಿತು. ಲಾರಿಯ ಹಾರ್ನ್ ಆಗದು, ಅಪರಿಚಿತರು ಮುಟ್ಟಿದರೆ ಆಗದು, ಹಮಾಲರ ಗದ್ದಲ ಆಗದು. ಕೊನೆಗೆ ಮಾಲೀಕರ ಮನೆಗೇ ಹೋಯಿತು. ಈಗ ಅಲ್ಲಿ ಅವರ ತಾಯಿಯ ಕಾಲ ಹತ್ತಿರವೇ ಮಲಗಿ, ಅವರು ಸ್ನಾನದ ಮನೆಯಿಂದ ಬರುವುದು ತಡವಾದರೆ ಬಾಗಿಲು ಕೆರೆಯುತ್ತದೆಯಂತೆ. ಕಾವಲು ಮತ್ತೆ ಜಾತಿಯಿಲ್ಲದ ಕರಿ ನಾಯಿಗೇ ಬಂತು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಮನೆಯವರನ್ನು ಕೇಳಿ, ನಾಯಿ ನಾಯಿಯ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ಲೆಕ್ಕ ಹಾಕಿತ್ತು. ಉಳಿದದ್ದನ್ನು ಆಯಾ ನಾಯಿಯ ಜೊತೆ ದಿನ ಕಳೆದೇ ತಿಳಿಯಬೇಕು.

ಇದರಲ್ಲಿ ಮುದ್ದು ಮಾಡುವುದಕ್ಕಿಂತ ದೊಡ್ಡ ವಿಷಯವೊಂದಿದೆ. ಬೆಳಗಿನ ಜಾವ ಮೂರಕ್ಕೆ, ಅರೆಗತ್ತಲಲ್ಲಿ, ಐವತ್ತು ಕಿಲೋ ಚೀಲ ಬೆನ್ನ ಮೇಲೆ ಹೊತ್ತವನಿಗೆ ಬಗ್ಗಿ ಕಲ್ಲು ಎತ್ತಿಕೊಳ್ಳಲಾಗದು, ಓಡಲೂ ಆಗದು. ನಾಯಿ ಕಚ್ಚಿದರೆ ಆ ದಿನದ ಕೂಲಿ ಹೋಯಿತು, ಸೂಜಿಗೆ ನಾಲ್ಕಾರು ಸಲ ಓಡಾಟವಾಯಿತು. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದ್ದರಿಂದ ಯಾವ ನಾಯಿ ಸುಮ್ಮನೆ ಬೊಗಳುತ್ತದೆ, ಯಾವುದು ಬೊಗಳದೆ ಬಂದು ಬಾಯಿ ಹಾಕುತ್ತದೆ, ಯಾವುದು ಮರಿ ಹಾಕಿದಾಗ ಮಾತ್ರ ಕೆರಳುತ್ತದೆ ಎಂಬುದು ಇಲ್ಲಿ ಹಮಾಲರು ಒಬ್ಬರಿಗೊಬ್ಬರು ಹೇಳಿಕೊಡುವ ಮಾತು. ಹೊಸ ಹುಡುಗ ಕೆಲಸಕ್ಕೆ ಬಂದರೆ ಹೂವಿನ ವಿಭಾಗದ ಹಿಂದಿನ ಕೆಂಚು ಹೆಣ್ಣುನಾಯಿಯಿಂದ ದೂರ ಹೋಗು ಎನ್ನುತ್ತಾರೆ, ಕರಿಯಾನನ್ನು ತುಳಿದರೂ ಪರವಾಗಿಲ್ಲ ಎನ್ನುತ್ತಾರೆ. ನಾಯಿಯ ಸ್ವಭಾವ ತಿಳಿದಿರುವುದೇ ಇಲ್ಲಿಯ ಬೇಲಿ.

ಒಂದು ಮಳೆಗಾಲದ ಬುಧವಾರ ಕರಿಯಾ ಕಾಣಲಿಲ್ಲ. ಗುರುವಾರವೂ ಇಲ್ಲ. ಲಾರಿಯ ಕೆಳಗೆ ಸಿಕ್ಕಿರಬಹುದೆಂದು ಹಮಾಲ ಗೇಟಿನ ತನಕ ನೋಡಿ ಬಂದ. ನಾಯಿ ಹಿಡಿಯುವ ಗಾಡಿ ಬಂದು ನಾಲ್ಕೈದನ್ನು ಒಯ್ದಿತೆಂದು ಚಹಾದವನು ಹೇಳಿದ. ಹುಡುಗಿ ಅಳುತ್ತ ಬಂದಳು. ಅವಳು ಮನೆಯವರ ಜೊತೆ ಕನ್ನಡದಲ್ಲೂ ಯಾರ್ಡಿನಲ್ಲಿ ಮರಾಠಿಯಲ್ಲೂ ಮಾತಾಡುವವಳು. ಅಂದು ಗಾಬರಿಯಲ್ಲಿ ದಿವಾಣಜಿಯ ಎದುರು ಕನ್ನಡದಲ್ಲೇ ಮಾತಾಡಿದಳು. ಅವಳ ತಾಯಿ ಧಾರವಾಡದವರೆಂದು ಹಮಾಲನಿಗೆ ತಿಳಿದದ್ದು ಆಗಲೇ. “ಅಣ್ಣಾರ, ಎಲ್ಲಿಗೆ ಒಯ್ದಾರಂತ ಗೊತ್ತೇನ್ರೀ?” ಎಂದು ಆಕೆ ಕೇಳಿದರು. “ನೋಡೂಣ ತಡೀರಿ ಅಕ್ಕಾರ” ಎಂದ. ಅವನ ಫೋನಿನಲ್ಲಿ ಕರಿಯಾನ ಒಂದು ಫೋಟೊ ಇರಲಿಲ್ಲ. ಹುಡುಗಿಯ ಫೋನಿನಲ್ಲಿ ಇನ್ನೂರು ಇದ್ದವು.

ಶನಿವಾರ ರಜೆಯ ದಿನ ಹಮಾಲ, ದಿವಾಣಜಿ ಮತ್ತು ತಾಯಿ-ಮಗಳು ನಾಯಿಗಳನ್ನು ಇರಿಸಿದ್ದ ಜಾಗಕ್ಕೆ ಹೋದರು. ಅಲ್ಲಿಯ ನೌಕರ ಮೊದಲು ಕೇಳಿದ್ದು “ಮಾಲಕ್ ಕೋಣ?” ಎಂದು. ಯಾರು ಮಾಲೀಕರು? ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಯಿ ಹೇಗಿದೆ ಹೇಳಿ ಎಂದ. ಹಮಾಲ ಹೇಳಿದ್ದು ನಾಚಿಕೆಯಿಲ್ಲದ, ಯಾರ ಹತ್ತಿರವಾದರೂ ಬರುವ ನಾಯಿ. ದಿವಾಣಜಿ ಹೇಳಿದ್ದು ಗಂಭೀರವಾದ, ಹೊಸಬರನ್ನು ಹತ್ತಿರ ಬಿಡದ ನಾಯಿ. ನೌಕರನಿಗೆ ಎರಡು ನಾಯಿ ಹುಡುಕಲು ಬಂದಿದ್ದಾರೆ ಅನ್ನಿಸಿರಬೇಕು. ಕಪ್ಪು ಮೈ, ಬಿಳಿ ಎದೆಯವು ಮೂರು ಇದ್ದವು. ವಾಘ್ಯಾ ಎಂದರೆ ಎರಡು ತಲೆ ಎತ್ತಿದವು, ಆ ಹೆಸರು ಪುಣೆಯಲ್ಲಿ ಅಷ್ಟು ಸಾಮಾನ್ಯ. ಕರಿಯಾ ಎಂದರೆ ಒಂದೂ ನೋಡಲಿಲ್ಲ.

ಮೂರನೆಯ ನಾಯಿ ಮೂಲೆಯಲ್ಲಿ ಗೋಡೆಗೆ ಮುಖ ಒತ್ತಿ ನಿಂತಿತ್ತು. ಹಿಂಗಾಲು ನಡುಗುತ್ತಿದ್ದವು. ಹಮಾಲ ಅದನ್ನು ದಾಟಿ ಹೋಗಿದ್ದ. ಹುಡುಗಿ ನಿಂತಳು. “ಕಾಕಾ, ಇದೇ” ಎಂದಳು. ಹತ್ತು ವರ್ಷ ನೋಡಿದ ನಾಯಿಯ ಈ ರೂಪವನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಜಾಳಿಗೆಯ ಹತ್ತಿರ ಕೂತು, ಊರಲ್ಲಿ ನಾಯಿ ಕರೆಯುವ ಹಾಗೆ ಕುರೂ ಕುರೂ ಎಂದ. ಬಹಳ ಹೊತ್ತಿನ ಮೇಲೆ ಒಂದು ಕಿವಿ ತಿರುಗಿತು. ಗುರುತಿಗೆಂದು ಆ ಕಿವಿಯ ತುದಿ ಕತ್ತರಿಸಿದ್ದರು. ಹುಡುಗಿ ಬೆರಳು ತೂರಿಸಿ ಕತ್ತು ಸವರಿದ ಮೇಲೆ ಮುಖ ಈ ಕಡೆ ಬಂತು. ಬೀದಿಯ ನಾಯಿಗಳ ನಡವಳಿಕೆಯನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿರುವ ಕೋಲ್ಕತ್ತಾ ಐಸರ್‌ನ ಅನಿಂದಿತಾ ಭದ್ರ ಅವರ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಹೇಳುತ್ತದೆ: ಪದೇ ಪದೇ ಎದುರಾಗುವ ಅಪರಿಚಿತರಲ್ಲಿ ಬೀದಿನಾಯಿಗಳು ತಿನ್ನಲು ಕೊಟ್ಟವರಿಗಿಂತ ಮೈ ಸವರಿದವರನ್ನು ಹೆಚ್ಚು ನಂಬಿದವು. ಹಮಾಲ ಹತ್ತು ವರ್ಷ ರೊಟ್ಟಿ ಹಾಕಿದ್ದ. ಮೈ ಸವರಿದ್ದು ಕಡಿಮೆ.

ನಾಯಿಯನ್ನು ಬಿಡಿಸಿಕೊಳ್ಳಬೇಕಾಗಿಯೇ ಇರಲಿಲ್ಲ. ರಿಜಿಸ್ಟರಿನಲ್ಲಿ ಹಿಡಿದ ಜಾಗ ಬರೆದಿತ್ತು: ಮಾರ್ಕೆಟ್ ಯಾರ್ಡ್, ಗೇಟು, ಸಾಲು ಸಮೇತ. ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಮರಳಿ ಬಿಡಬೇಕು ಎನ್ನುತ್ತದೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ. “ಮಾಲಕ ಇಲ್ದಿದ್ರೂ ಆಗ್ತೈತೇನು?” ಎಂದು ಹಮಾಲ ಕೇಳಿದ. ಆಗುತ್ತದೆ ಎಂದ ನೌಕರ. ಹೊರಗೆ ಬಂದ ಮೇಲೆ ಹಮಾಲ ದಿವಾಣಜಿಗೆ ತನ್ನ ಬಿಲ್ಲೆ ತೋರಿಸಿ ನಕ್ಕ. “ನನಗೂ ಒಬ್ಬ ಮಾಲಕ ಎಲ್ಲಿದಾನ? ನಂದೂ ಹೆಸ್ರು ಬೋರ್ಡಿನ್ಯಾಗ ಐತಿ, ಅಂಗಡ್ಯಾಗಿಲ್ಲ.” ಅವನು ಹೇಳಿದ್ದು ಮಾಥಾಡಿ ಕಾಯ್ದೆಯ ವಿಷಯ. ಹತ್ತು ಅಂಗಡಿಗೆ ದುಡಿಯುವ ಹಮಾಲ ಯಾರಿಗೂ ಸೇರದವನಾಗಿ ಉಳಿಯಬಾರದೆಂದು ಮಹಾರಾಷ್ಟ್ರ 1969ರಲ್ಲಿ ಆ ಕಾಯ್ದೆ ಮಾಡಿತು. ಪುಣೆಯಲ್ಲಿ ಬಾಬಾ ಆಢಾವ್ ಅವರ ಹಮಾಲ ಪಂಚಾಯತ್ ಅದಕ್ಕೂ ಮೊದಲಿನಿಂದ ಆ ಮಾತನ್ನು ಹೇಳುತ್ತಿತ್ತು. ಒಬ್ಬ ಒಡೆಯ ಇಲ್ಲದವನಿಗೂ ಒಂದು ಜಾಗ, ಒಂದು ಲೆಕ್ಕ ಇರಬಹುದು ಎಂಬುದು ಅವನಿಗೆ ತನ್ನ ಬದುಕಿನಿಂದಲೇ ಗೊತ್ತಿದೆ.

ಕನ್ನಡದಲ್ಲಿ ಇಂಥ ನಾಯಿಗೆ ಬೀದಿನಾಯಿ ಎನ್ನುತ್ತೇವೆ. ಮರಾಠಿಯಲ್ಲಿ ಅದು ‘ಭಟಕಾ’, ಹಿಂದಿಯಲ್ಲಿ ‘ಆವಾರಾ’. ಎರಡೂ ಅಲೆಮಾರಿ ಎನ್ನುವ ಮಾತು. ಆದರೆ ಕರಿಯಾ ಅಲೆಯುವುದು ವಾರಕ್ಕೊಂದು ದಿನ, ಅದೂ ಭುಸಾರ ವಿಭಾಗದವರೆಗೆ. ಕನ್ನಡದ ಪದದಲ್ಲಿ ತಿರಸ್ಕಾರ ಎಷ್ಟೇ ಇರಲಿ, ಅದರೊಳಗೆ ಒಂದು ವಿಳಾಸವೂ ಉಳಿದಿದೆ.

ಆ ವಿಳಾಸ ಎಷ್ಟು ದಿನ ಎಂಬ ಪ್ರಶ್ನೆ 2025ರಲ್ಲಿ ಎದ್ದಿತು. ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದಿಲ್ಲಿ ಸುತ್ತಿನ ಬೀದಿನಾಯಿಗಳನ್ನೆಲ್ಲ ಆಶ್ರಯ ಕೇಂದ್ರಕ್ಕೆ ಸಾಗಿಸಲು ಹೇಳಿತು. ಆಗಸ್ಟ್ 22ರಂದು ಅದನ್ನು ತಿದ್ದಿ, ರೇಬೀಸ್ ತಗುಲಿದವು ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ ಹಾಕಿ ಮರಳಿ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ-ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು, ಮತ್ತೆ ಅಲ್ಲಿ ಬಿಡಬಾರದು ಎಂದಿತು. ಮಕ್ಕಳು ಕಚ್ಚಿಸಿಕೊಂಡ ಸುದ್ದಿಗಳ ಎದುರು ಆ ಆದೇಶ ಸುಮ್ಮನೆ ಬಂದದ್ದಲ್ಲ. ಆ ಪಟ್ಟಿಯಲ್ಲಿ ಸಗಟು ಮಾರುಕಟ್ಟೆ ಇರಲಿಲ್ಲ. ಆದರೂ ಪೇಪರ್ ಓದಿ ಹೇಳಿದ ದಿವಾಣಜಿಯ ಸುತ್ತ ಹಮಾಲರು ಸೇರಿದರು. ಯಾವುದು ಆಕ್ರಮಣಕಾರಿ ಎಂದು ಯಾರು ಹೇಳಬೇಕು ಎಂಬುದರ ಮೇಲೆ ಮಾತು ನಡೆಯಿತು. ಮೂಲೆಗೆ ಮುಖ ಒತ್ತಿ ನಿಂತ ನಾಯಿಯನ್ನು ಹೊಸಬ ಹಿಡಿಯಲು ಹೋದರೆ ಅದು ಬಾಯಿ ಹಾಕೀತು. ಹಾಕಿದರೆ ಅದು ಕಚ್ಚುವ ನಾಯಿ ಎಂದಾಗುತ್ತದೆ. ಅದು ಅಂಜಿದ ನಾಯಿ ಎಂದು ಹೇಳಬಲ್ಲವರು ಅದರ ನಾಲ್ಕು ಹೆಸರಿನವರು ಮಾತ್ರ. ಹೂವಿನ ವಿಭಾಗದ ಕೆಂಚು ನಾಯಿಯನ್ನು ಒಯ್ಯುವುದೇ ಸರಿ ಎಂದು ಹೇಳಬಲ್ಲವರೂ ಅವರೇ.

ಕರಿಯಾನನ್ನು ಗಾಡಿ ತಂದು ಬಿಟ್ಟದ್ದು ಸೋಮವಾರ. ಆ ದಿನ ಟೆಂಪೊ ಒಂದರ ಕೆಳಗೇ ಕಳೆಯಿತು. ಮರುದಿನ ಗೋಣಿ ಚೀಲಕ್ಕೆ ಬಂತು. ಅಲ್ಲಿಂದ ಈಚೆಗೆ ನಾಲ್ವರಲ್ಲೂ ಒಂದು ಬದಲಾವಣೆ ಕಾಣುತ್ತದೆ. ಹಮಾಲ ಹೋಗುತ್ತ ಬರುತ್ತ ಅದರ ನೆತ್ತಿ ಮುಟ್ಟುತ್ತಾನೆ. ಕೊಡೆ ಬಿಚ್ಚುವವರಿಗೆ ದಿವಾಣಜಿ ಆಚೆ ಹೋಗಿ ಎನ್ನುತ್ತಾರೆ. ಹುಡುಗಿ ಚಹಾದವನ ಹತ್ತಿರ ಎರಡು ಬಿಸ್ಕತ್ತಿನ ಆಟ ನೋಡಿ ಬಂದಿದ್ದಾಳೆ, ಯಾವುದನ್ನು ಮೊದಲು ತಿನ್ನುತ್ತದೆಂದು ಪಂದ್ಯ ಕಟ್ಟುತ್ತಾಳೆ.

ದೀಪಾವಳಿಯಲ್ಲಿ ಲಕ್ಷ್ಮೀಪೂಜೆಯ ಸಂಜೆ ಯಾರ್ಡಿನ ಅಂಗಡಿಗಳ ಮುಂದೆ ಸರ ಪಟಾಕಿ ಹಚ್ಚುತ್ತಾರೆ. ಎರಡು ವರ್ಷದಿಂದ ಆ ದಿನ ಹೊತ್ತು ಮುಳುಗುವ ಮೊದಲೇ ಹಮಾಲ ಒಂದು ಗೋಣಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ನಾಯಿಯನ್ನು ಕರೆದುಕೊಂಡು ಗಂಗಾಧಾಮ್ ಕಡೆಗೆ ನಡೆಯುತ್ತಾನೆ. ಅಪಾರ್ಟ್‌ಮೆಂಟಿನ ತಳಮಹಡಿಯಲ್ಲಿ ಹುಡುಗಿಯ ಮನೆಯ ಕಾರಿನ ಹಿಂದೆ ಚೀಲ ಹಾಸುತ್ತಾನೆ. ಮೊದಲ ವರ್ಷ ವಾಚ್‌ಮನ್ ತಡೆದು, ಯಾರ ನಾಯಿ ಇದು, “ಕುಣಾಚಾ ಕುತ್ರಾ?” ಎಂದು ಕೇಳಿದ್ದ. ತನ್ನದು ಎನ್ನಲು ಹಮಾಲನಿಗೆ ಬಾಯಿ ಬರಲಿಲ್ಲ, ಯಾರದೂ ಅಲ್ಲ ಎನ್ನಲೂ ಮನಸ್ಸಾಗಲಿಲ್ಲ. “ಓಳಖೀಚಾ” ಎಂದ. ಪರಿಚಯದ ನಾಯಿ. ವಾಚ್‌ಮನ್ ಗೇಟು ತೆಗೆದ.